ಬಂಡೆಯ ಸದ್ದನ್ನು ಮಡಿಲಲ್ಲಿಟ್ಟುಕೊಂಡು ಎಡಿನ್‌ಬರೋಗೆ

ಬಂಗಾರಪೇಟೆ ಸ್ಟೇಷನ್

ಪರದೇಶಕ್ಕೆ ಹೋಗುವವರು ಏನನ್ನಾದರೂ ನೋಡಲು ಹೋಗುತ್ತಾರೆ. ನಾನು ಹೋದದ್ದು ಒಂದು ಸದ್ದನ್ನು ಕೇಳಿಸಿ ಬರಲು. ಸದ್ದು ಟೇಪಿನಲ್ಲಿತ್ತು, ಟೇಪು ತಗಡಿನ ಡಬ್ಬಿಯಲ್ಲಿತ್ತು, ಡಬ್ಬಿ ನನ್ನ ಮಡಿಲಲ್ಲಿತ್ತು. ಮದ್ರಾಸಿನ ರೈಲು ಹೊರಡುವವರೆಗೂ ಕಿಟಕಿಯ ಹೊರಗೆ ನಿಂತಿದ್ದ ಅಮ್ಮ ನನ್ನ ಮುಖಕ್ಕಿಂತ ಆ ಡಬ್ಬಿಯನ್ನೇ ಹೆಚ್ಚಾಗಿ ನೋಡಿದಳು.

"ಅವತ್ತಿನ್ ಸದ್ದು ಅದ್ರಾಗೇ ಅಲ್ವೇನೇ ಇರಾದು?" ಎಂದಳು.

"ಊಂ ಅಮ್ಮ."

"ಉಸಾರು ಕಣೇ. ಎಲ್ಲಾದ್ರೂ ಬಿಟ್ಗಿಟ್ಟೀಯಾ."

ಬಿಡುವುದೆಂತು? ಅದು ಬಂಡೆ ಸಿಡಿದ ಸದ್ದು. ನಮ್ಮ ಚಿನ್ನದ ಗಣಿ ಮೈಲಿಗೂ ಹೆಚ್ಚು ಆಳ. ಅಷ್ಟು ಕಾಲ ಕೊರೆಸಿಕೊಂಡ ನೆಲ ಸುಮ್ಮನಿರುತ್ತದೆಯೇ? ಮೇಲಿನ ಭಾರ ತಾಳಲಾರದೆ ಒಳಗಿನ ಬಂಡೆ ಒಮ್ಮೊಮ್ಮೆ ಪಟಾರನೆ ಸಿಡಿದು ದಾರಿಗಳನ್ನು ಮುಚ್ಚಿಹಾಕುತ್ತದೆ. ಉರಿಗಾಂನಲ್ಲಿ ಗಣಿ ಕೆಲಸಗಾರರ ಲೈನಿನ ಮನೆಗಳಲ್ಲಿ ಪಾತ್ರೆಗಳು ಅಲುಗುತ್ತವೆ. ಹೆಂಗಸರು ಒಲೆ ಬಿಟ್ಟು ಬಾಗಿಲಿಗೆ ಬರುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಎಲ್ಲಿ?

ಆ ಪ್ರಶ್ನೆಗೆ ಉತ್ತರ ಹೇಳುವುದೇ ನನ್ನ ಕೆಲಸ. ಗಣಿಯೊಳಗೆ ಅಲ್ಲಲ್ಲಿ ಬಂಡೆಗೆ ಒಂದೊಂದು ಕಿವಿ ಕೂರಿಸಿದ್ದಾರೆ, ಜಿಯೋಫೋನ್ ಎಂದು ಅದರ ಹೆಸರು. ಸಿಡಿದ ಸದ್ದು ಹತ್ತಿರದ ಕಿವಿಗೆ ಮೊದಲು, ದೂರದ್ದಕ್ಕೆ ಆಮೇಲೆ ಮುಟ್ಟುತ್ತದೆ. ಆ ಹಿಂದುಮುಂದಿನ ಲೆಕ್ಕದಿಂದ ಜಾಗ ಹುಡುಕಬೇಕು. ನಮ್ಮ ಕೋಣೆಯಲ್ಲಿ ಗಣಿಯದೇ ಪುಟ್ಟ ನಮೂನೆಯ ಒಂದು ಮರದ ಚೌಕಟ್ಟು ಇತ್ತು. ಒಂದೊಂದು ಕಿವಿಗೂ ಒಂದೊಂದು ಗೂಟ, ಗೂಟಕ್ಕೊಂದು ದಾರ, ದಾರಕ್ಕೊಬ್ಬರು ನಾವು. ಯಾರ ಕಿವಿಯ ಮೀಟರಿನ ಮುಳ್ಳು ಮೊದಲು ಅಲುಗಿತೋ ಅವರು ಮೊದಲು ಕೂಗಬೇಕು. ಆಮೇಲೆ ಉಳಿದವರು ಅವರ ಕಡೆಗೆ ದಾರ ಎಳೆಯಬೇಕು. ದಾರಗಳೆಲ್ಲ ಎಲ್ಲಿ ಕೂಡುತ್ತವೋ ಅಲ್ಲಿ ಬಂಡೆ ಸಿಡಿದಿದೆ ಎಂದರ್ಥ. ದಾರ ಎಂದಮೇಲೆ ಹಿಗ್ಗುತ್ತದೆ, ಜಗ್ಗುತ್ತದೆ. ನಿಖರವಾದ ಲೆಕ್ಕ ಬೇಕೆಂದರೆ ಟೇಪನ್ನು ಬೆಂಗಳೂರಿನ ದೊಡ್ಡ ಕಂಪ್ಯೂಟರಿಗೆ ಕಳಿಸಬೇಕಿತ್ತು.

ಎರಡು ವರ್ಷದ ಹಿಂದೆ ನಂದಿದುರ್ಗ ಎಂಬ ನಮ್ಮದೇ ಗಣಿಯಲ್ಲಿ ಬಂಡೆ ಸಿಡಿದಾಗ ನನ್ನ ತಮ್ಮ ನಾಣಿಯ ಗ್ಯಾಂಗು ಒಳಗಿತ್ತು. ನಮ್ಮ ದಾರಗಳು ನಿಜವಾದ ಜಾಗಕ್ಕಿಂತ ಒಂದು ಲೆವೆಲ್, ಅಂದರೆ ಗಣಿಯ ಒಂದು ಅಂತಸ್ತು, ಮೇಲೆ ಕೂಡಿದವು. ಕಾಪಾಡಲು ಹೋದವರು ಅಲ್ಲೇ ಅಗೆದರು. ಬೆಂಗಳೂರಿನಿಂದ ಸರಿಯಾದ ಉತ್ತರ ಬಂದದ್ದು ಮಾರನೆಯ ದಿನ. ನಾಣಿ ಬದುಕಿ ಬಂದ. ಅವನ ಜೊತೆಗಾರ ಸೆಲ್ವರಾಜ್ ಬದುಕಲಿಲ್ಲ. ಉತ್ತರವೇನೋ ಸರಿಯಾಗಿತ್ತು, ತಡವಾಯಿತು ಅಷ್ಟೆ, ಎಂದರು ತಿಳಿದವರು. ಆ 'ಅಷ್ಟೆ' ಎಂಬ ಮಾತಿನ ಮೇಲೆ ನನಗೆ ಇವತ್ತಿಗೂ ಸಿಟ್ಟು. ಡಬ್ಬಿಯಲ್ಲಿದ್ದ ಟೇಪು ಆ ದಿನದ್ದೇ.

ಅಂದು ಮುಚ್ಚಿದ ಆ ಭಾಗವನ್ನು ಯುಗಾದಿ ಕಳೆದ ಮೇಲೆ ಮತ್ತೆ ತೆರೆಯುವುದೆಂದು ತೀರ್ಮಾನವಾಯಿತು. ಇಳಿಯುವುದು ಮತ್ತೆ ನಾಣಿಯ ಗ್ಯಾಂಗೇ. ನಮ್ಮ ಸಾಹೇಬರು ನನ್ನನ್ನು ಕರೆದು, ಎಡಿನ್‌ಬರೋದ ಒಂದು ಲ್ಯಾಬಿನಲ್ಲಿ ಪುಟ್ಟ ಪುಟ್ಟ ಚಿಪ್‌ಗಳು ಒಟ್ಟಿಗೆ ಕೂತು ಲೆಕ್ಕ ಮಾಡುವ ಬೋರ್ಡ್ ತಯಾರಾಗಿದೆ ಎಂದರು. "ಸಿಡಿದಾಗ ಮೇಲಕ್ಕೆ ಬರುವ ತಂತಿಗಳಲ್ಲಿ ಅರ್ಧ ತುಂಡಾಗುತ್ತವೆ ರತ್ನಮ್ಮ. ಆದ್ದರಿಂದ ಅದು ಕೆಳಗೇ ಇರಬೇಕು, ಆ ಬಿಸಿಯಲ್ಲಿ ಬ್ಯಾಟರಿ ಮೇಲೆ ನಡೆಯಬೇಕು. ಕಾಪಾಡುವವರು ಗಣಿಗಿಳಿಸುವ ತೊಟ್ಟಿಲು ಹತ್ತುವ ಮೊದಲೇ ಜಾಗ ಹೇಳಬೇಕು. ಎರಡೂ ಆದರೆ ಕೈಯಲ್ಲೇ ಹಿಡಿದುಕೊಂಡು ಬಾ. ಆಗಲಿಲ್ಲವೋ, ದಾರದಲ್ಲೇ ನಡೆಸಬೇಕಾಗುತ್ತದೆ."

ದಾರದಲ್ಲಿ ನಡೆಸುವ ಮಾತೇ ಇಲ್ಲ ಎಂದು ನಾನು ಆಗಲೇ ನಿರ್ಧರಿಸಿದ್ದೆ.

ವಿಮಾನ ನಿಲ್ದಾಣಗಳು

ಮದ್ರಾಸಿನಲ್ಲಿ ಡಬ್ಬಿಯನ್ನು ಎಕ್ಸ್‌ರೇ ಯಂತ್ರಕ್ಕೆ ಹಾಕಿ ಎಂದರು. ನಾನು ಒಲ್ಲೆ ಎಂದೆ. ಹಿಂದಿನ ಸಾಲು ಗೊಣಗಿತು. ಕೊನೆಗೆ ಮೀಸೆಯ ಅಧಿಕಾರಿಯೊಬ್ಬರು ಬಂದು ಏನಮ್ಮ ಗಲಾಟೆ ಎಂದು ತಮಿಳಿನಲ್ಲಿ ಕೇಳಿದರು. ನಾನೂ ತಮಿಳಿನಲ್ಲೇ ಹೇಳಿದೆ. ಕೆಜಿಎಫ್‌ನಲ್ಲಿ ಕೆಲಸ ಮಾಡುವವರಿಗೆ ತಮಿಳನ್ನು ಯಾರೂ ಕಲಿಸಬೇಕಾಗಿಲ್ಲ, ತಾನೇ ಅಂಟಿಕೊಳ್ಳುತ್ತದೆ. ಬಂಡೆ ಸಿಡಿದ ಸದ್ದು ಇದರಲ್ಲಿದೆ, ಅಳಿಸಿಹೋದರೆ ಮತ್ತೊಂದಿಲ್ಲ ಎಂದೆ. ಅವರ ಮುಖ ಬದಲಾಯಿತು. ಅವರ ಸೋದರತ್ತೆಯ ಮನೆ ನಮ್ಮ ಗಣಿಯೂರಿನ ಆಂಡರ್ಸನ್‌ಪೇಟೆಯಲ್ಲಂತೆ, ಚಿಕ್ಕಂದಿನಲ್ಲಿ ರಜಕ್ಕೆ ಹೋದಾಗ ಪಾತ್ರೆ ಅಲುಗಿದ್ದು ನೆನಪಿದೆಯಂತೆ. ಡಬ್ಬಿಯ ಮುಚ್ಚಳ ತೆಗೆದು ನೋಡಿ, ಎರಡೂ ಕೈಯಲ್ಲಿ ನನಗೆ ವಾಪಸು ಕೊಟ್ಟರು.

ಲಂಡನ್ನಿನಲ್ಲಿ ಹೀಗೆ ನೆಂಟಸ್ತಿಕೆ ತೆಗೆಯಲು ಯಾರೂ ಸಿಗಲಿಲ್ಲ. ಆದರೆ ಜಗಳವೂ ಇಲ್ಲ. ಕೈಗವಸು ಹಾಕಿಕೊಂಡ ಹುಡುಗಿಯೊಬ್ಬಳು ಡಬ್ಬಿ ತೆರೆದು, "ಯಾವ ಸಂಗೀತ?" ಎಂದಳು. "ತಾಳ ಮಾತ್ರ, ರಾಗ ಇಲ್ಲ" ಎಂದೆ. ಚೆನ್ನಾಗಿರಬಹುದು ಎಂದು ಹೇಳಿ ಕಳಿಸಿಬಿಟ್ಟಳು.

ಎಕ್ಸ್‌ರೇಯಿಂದ ಟೇಪಿಗೆ ಏನೂ ಆಗುವುದಿಲ್ಲವಂತೆ. ಲ್ಯಾಬಿನ ಇಂಜಿನಿಯರ್ ಇಯಾನ್ ಆಮೇಲೆ ನಗುತ್ತ ಹೇಳಿದ. ಆಗುವುದಿಲ್ಲ ಸರಿಯೇ. ಆದರೆ ಆ ಟೇಪಿನೊಳಗೆ ಇದ್ದದ್ದು ಅವನ ತಮ್ಮನಲ್ಲವಲ್ಲ.

ಜೀನ್ ಮನೆ

ಎಡಿನ್‌ಬರೋದ ಕಲ್ಲುಗಳು ನಮ್ಮ ಅಡುಗೆಮನೆಯ ಗೋಡೆಯ ಬಣ್ಣದವು, ಹೊಗೆ ಕುಡಿದು ಕಪ್ಪಾದವು. ಚಳಿಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಸೀರೆಯ ಕೆಳಗೆ ಪ್ಯಾಂಟು, ಮೇಲೆ ಸ್ವೆಟರು, ಅದರ ಮೇಲೆ ಕೋಟು ಹಾಕಿಕೊಂಡು ಹಾಸಿಗೆ ಸುತ್ತಿದಂತೆ ಓಡಾಡಿದೆ ಎಂದರೆ ಸಾಕು.

ನನಗೆ ಕೋಣೆ ಕೊಟ್ಟವಳು ಜೀನ್ ಎಂಬ ಅರವತ್ತು ದಾಟಿದ ಹೆಂಗಸು. ಮೊದಲ ಬೆಳಿಗ್ಗೆ ಓಟ್ಸ್ ಗಂಜಿ ಕೊಟ್ಟಳು. ನಾನು ಸಕ್ಕರೆಗೆ ಕೈಹಾಕಿದೆ. "ಸಕ್ಕರೆ ಹಾಕುವವರು ಇಂಗ್ಲಿಷಿನವರು" ಎಂದು ಉಪ್ಪಿನ ಡಬ್ಬಿ ಮುಂದಿಟ್ಟಳು. ಉಪ್ಪು ಹಾಕಿ ಕುಡಿದರೆ ಥೇಟು ನಮ್ಮ ರಾಗಿ ಅಂಬಲಿಯ ಸೋದರತ್ತೆ. ಮಜ್ಜಿಗೆ ಒಂದಿದ್ದರೆ ಅಮ್ಮನಿಗೂ ಒಪ್ಪಿಗೆಯಾಗುತ್ತಿತ್ತು.

ಜೀನ್‌ಗೆ ಒಂದು ಗೀಳು: ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯಬಾರದು. ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ನನ್ನ ಕೋಣೆ ಕತ್ತಲಾಗಿರುತ್ತಿತ್ತು. ಒಮ್ಮೆ ನಾನು ಒಳಗಿರುವಾಗಲೇ ಆರಿಸಿದಳು. "ಓದುತ್ತಿದ್ದೆ" ಎಂದೆ. "ಸದ್ದೇ ಇರಲಿಲ್ಲ, ಇಲ್ಲವೇನೋ ಅಂದುಕೊಂಡೆ" ಎಂದಳು. ಅಂದಿನಿಂದ ಓದುವಾಗ ಆಗಾಗ ಕೆಮ್ಮುವುದನ್ನು ರೂಢಿ ಮಾಡಿಕೊಂಡೆ.

ಅವಳ ಗಂಡ ಕಲ್ಲಿದ್ದಲ ಗಣಿಯಲ್ಲಿ ಕೆಲಸ ಮಾಡಿದವನು. ನಾಣಿಯ ಸಂಗತಿ ಹೇಳಿದ ದಿನ ಅವಳು ಮರುಕ ಗಿರುಕ ಏನೂ ತೋರಿಸಲಿಲ್ಲ. "ನಿನ್ನ ತಮ್ಮನಿಗೆ ಈ ವಾರ ಯಾವ ಪಾಳಿ?" ಎಂದು ಕೇಳಿದಳು. ಬೆಳಗಿನ ಪಾಳಿ ಎಂದೆ. ಮಾರನೆಯ ದಿನದಿಂದ ಗಂಜಿ ಬಡಿಸುವಾಗ ಅಡುಗೆಮನೆಯ ಗಡಿಯಾರ ನೋಡಿ ನಮ್ಮೂರಿನ ಹೊತ್ತಿಗೆ ಲೆಕ್ಕ ಹಾಕಿ, "ಇಷ್ಟು ಹೊತ್ತಿಗೆ ಮೇಲೆ ಬಂದಿರಬೇಕಲ್ಲ?" ಎನ್ನುವಳು. ಬಂದಿರುತ್ತಾನೆ ಎನ್ನುವೆ. ಆಮೇಲೆಯೇ ಅವಳು ಚಮಚ ಹಿಡಿಯುತ್ತಿದ್ದದ್ದು. ಗಣಿಯ ಹೆಂಗಸರು ಎಲ್ಲ ಊರಲ್ಲೂ ಒಂದೇ ಜಾತಿ.

ಲ್ಯಾಬಿನ ಬಾಗಿಲು

ಬೋರ್ಡ್ ನೋಡಿದಾಗ ನನಗೆ ಮೊದಲು ನಗು ಬಂತು. ಬೆಂಗಳೂರಿನ ಕಂಪ್ಯೂಟರಿಗೆ ಒಂದು ಕಲ್ಯಾಣ ಮಂಟಪದಷ್ಟು ಜಾಗ ಬೇಕು, ಅದನ್ನು ತಣ್ಣಗಿಡಲು ಇನ್ನೊಂದಷ್ಟು ಯಂತ್ರ. ಇದೋ ಊಟಕ್ಕೆ ಕೂರುವ ಮಣೆಯಷ್ಟು. ಅದರ ಮೇಲೆ ಸಾಲಾಗಿ ಚಿಪ್‌ಗಳು. ಒಂದೊಂದಕ್ಕೂ ಸ್ವಂತ ಬುದ್ಧಿ, ಸ್ವಂತ ನೆನಪು, ನಾಲ್ಕು ಕೈ. ಆ ಕೈಗಳಿಂದ ಒಂದನ್ನೊಂದು ಹಿಡಿದುಕೊಂಡು ಲೆಕ್ಕ ಹಂಚಿಕೊಳ್ಳುತ್ತವೆ. ಯಾವುದು ಯಾವುದರ ಕೈ ಹಿಡಿಯಬೇಕೆಂಬುದನ್ನು ಕೆಲಸಕ್ಕೆ ತಕ್ಕಂತೆ ಬದಲಿಸಬಹುದು, ಬೆಸುಗೆ ಬಿಚ್ಚಬೇಕಿಲ್ಲ, ತಂತಿ ಮುಟ್ಟಬೇಕಿಲ್ಲ. ಅದೇ ಅದರ ದೊಡ್ಡಸ್ತಿಕೆ ಎಂದು ಇಯಾನ್ ಬೀಗಿದ. ಇಯಾನ್ ಎಂದರೆ ಕೆಂಪು ಗಡ್ಡದ, ಬಾಗಿಲಿಗೆ ತಲೆ ತಾಗುವಷ್ಟು ಉದ್ದದ ಮನುಷ್ಯ, ಮೇಜಿಗೆ ಡಿಕ್ಕಿ ಹೊಡೆದರೂ ಮೇಜಿನ ಕ್ಷಮೆ ಕೇಳುವವನು.

ಟೇಪು ಹಾಕಿದೆವು. ಸದ್ದು ಬೋರ್ಡಿಗೆ ಹೋಯಿತು. ಉತ್ತರ ಬರಲಿಲ್ಲ. ಮತ್ತೆ ಹಾಕಿದೆವು. ಇಲ್ಲ. ದಿನಗಳು ಹೀಗೇ ಹೋದವು. ಇಯಾನ್ ಕೊನೆಗೆ ರೋಗ ಕಂಡುಹಿಡಿದ. ಪಕ್ಕದ ಚಿಪ್ ಮೊದಲು ಮಾತಾಡಲಿ ಎಂದು ಪ್ರತಿಯೊಂದೂ ಕಾಯುತ್ತಿತ್ತು. ಎಲ್ಲವೂ ಕಾಯುತ್ತಿದ್ದರಿಂದ ಯಾವುದೂ ಬಾಯಿ ಬಿಡಲಿಲ್ಲ. ರೋಗ ಗೊತ್ತಾಯಿತು, ಮದ್ದು ಗೊತ್ತಾಗಲಿಲ್ಲ. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಮೌನವ್ರತ. ಯುಗಾದಿ ಹತ್ತಿರವಾಗುತ್ತಿತ್ತು.

ಒಂದು ಮಧ್ಯಾಹ್ನ ಊಟಕ್ಕೆಂದು ಹೊರಟೆವು. ಇಯಾನ್ ಬಾಗಿಲು ಹಿಡಿದು "ನೀವು ಮೊದಲು" ಎಂದ. ಆಚೆಯಿಂದ ಒಳಗೆ ಬರುತ್ತಿದ್ದವನು "ಇಲ್ಲ, ನೀವು" ಎಂದ. ಅವನ ಹಿಂದಿದ್ದವಳು ಹಿಂದೆ ಸರಿದು ಅವನಿಗೆ ದಾರಿ ಬಿಟ್ಟಳು. ಇಯಾನ್ ಮತ್ತೆ "ದಯವಿಟ್ಟು ನೀವು" ಎಂದ. ಬಾಗಿಲು ತೆರೆದೇ ಇತ್ತು, ಚಳಿಗಾಳಿ ಒಳಗೆ ಬಂತು, ಮನುಷ್ಯರು ಮಾತ್ರ ಅಲುಗಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ.

"ಇಯಾನ್, ನಿಮ್ಮ ಚಿಪ್‌ಗಳು ಯಾರ ಹತ್ತಿರ ನಡತೆ ಕಲಿತಿವೆ ಅಂತ ಈಗ ಗೊತ್ತಾಯಿತು."

ಅವನು ಬಾಗಿಲು ಬಿಟ್ಟು ನನ್ನತ್ತ ನೋಡಿದ. ನಮ್ಮ ಮಾರಿಕುಪ್ಪಂ ರೈಲು ಬಂಗಾರಪೇಟೆಗೆ ಬಂದಾಗ ಯಾರೂ ಯಾರಿಗೂ 'ನೀವು ಮೊದಲು' ಎನ್ನುವುದಿಲ್ಲ, ಆದರೂ ಎಲ್ಲರೂ ಹತ್ತಿರುತ್ತಾರೆ ಎಂದೆ. ಹಾಗೆಂದು ಚಿಪ್‌ಗಳನ್ನು ನುಗ್ಗಾಟಕ್ಕೆ ಬಿಡಲಾಗುವುದಿಲ್ಲ. ಆಗ ನಮ್ಮ ದಾರದ ಕೋಣೆಯ ಕಟ್ಟಳೆ ಹೇಳಿದೆ: ಮೊದಲು ಕೇಳಿಸಿಕೊಂಡವರೇ ಮೊದಲು ಕೂಗಬೇಕು, ಉಳಿದವರು ಅವರ ಕಡೆಗೆ ಎಳೆಯಬೇಕು. ಪ್ರತಿ ಸಲವೂ ಯಜಮಾನ ಬೇರೆ. ಬಂಡೆ ಎಲ್ಲಿ ಸಿಡಿಯಿತೋ ಅದರ ಹತ್ತಿರದವನೇ ಆ ಹೊತ್ತಿನ ಯಜಮಾನ.

ಇಯಾನ್ ಊಟಕ್ಕೆ ಹೋಗಲೇ ಇಲ್ಲ. ಅವನು ಇಷ್ಟು ದಿನ ಚಿಪ್‌ಗಳ ಕೈಗಳನ್ನು ಒಮ್ಮೆ ಜೋಡಿಸಿ ಹಾಗೇ ಬಿಟ್ಟಿದ್ದ. ಈಗ ಪ್ರತಿ ಸದ್ದಿಗೂ ಹೊಸದಾಗಿ ಜೋಡಣೆಯಾಗುವಂತೆ ಬರೆಯತೊಡಗಿದ. ಮೊದಲು ಕೇಳಿದ ಚಿಪ್ ಎದ್ದು ಕೂಗುತ್ತದೆ, ಬೇಕಾದವು ಎಚ್ಚತ್ತು ಅದಕ್ಕೆ ಕೈಕೊಡುತ್ತವೆ, ಬೇಡದವು ಮಲಗಿಯೇ ಇರುತ್ತವೆ. ಮಲಗಿದ ಚಿಪ್ ಬ್ಯಾಟರಿ ತಿನ್ನುವುದಿಲ್ಲ, ಬಿಸಿಯೂ ಆಗುವುದಿಲ್ಲ. ಜೀನ್ ನೋಡಿದ್ದರೆ ಮೆಚ್ಚಿಕೊಳ್ಳುತ್ತಿದ್ದಳು.

ಮತ್ತೆ ಟೇಪು ಹಾಕಿದಾಗ ಉತ್ತರ ಬಂತು: ಬಂಡೆ ಸಿಡಿದದ್ದು ಆಂಡರ್ಸನ್‌ಪೇಟೆಯ ಆಕಾಶದಲ್ಲಿ, ಮೋಡಗಳ ಎತ್ತರದಲ್ಲಿ! ನಮ್ಮಲ್ಲಿ ಎಲ್ಲವನ್ನೂ ಗಣಿಯ ಬಾಯಿಂದ ಕೆಳಕ್ಕೆ ಎಣಿಸುತ್ತಾರೆ. ನಮಗೆ ಲೆವೆಲ್ ಎಂದರೇ ಆಳ, ಅದನ್ನು ಬಿಡಿಸಿ ಹೇಳಬೇಕೆಂದು ಹೊಳೆಯುವುದೇ ಇಲ್ಲ. ಗುಡ್ಡದ ನಾಡಿನ ಇಯಾನ್ ಅದನ್ನು ಎತ್ತರವೆಂದು ತಿಳಿದಿದ್ದ. ಅವನು ನನ್ನ ಕ್ಷಮೆ ಕೇಳಿದ, ನಾನು ಅವನ ಕ್ಷಮೆ ಕೇಳಿದೆ, ಇನ್ನು ಹೀಗೇ ಬಿಟ್ಟರೆ ಮತ್ತೆ ಬಾಗಿಲಿನ ಕಥೆಯಾಗುತ್ತದೆಂದು ನಾನೇ ನಿಲ್ಲಿಸಿದೆ.

ಸರಿಪಡಿಸಿ ಇನ್ನೊಮ್ಮೆ ಹಾಕಿದ. ನಾನು ಕುರ್ಚಿಯಿಂದ ಎದ್ದು ಪರದೆಯ ಹತ್ತಿರ ಹೋಗುವಷ್ಟರಲ್ಲಿ ಉತ್ತರ ಕೂತಿತ್ತು. ಅದೇ ಲೆವೆಲ್, ಸುರಂಗದ ಅದೇ ಪೂರ್ವದ ಕವಲು. ನಾಣಿಯನ್ನು ಎತ್ತಿ ತಂದ ಜಾಗ.

ಸಂತೋಷವಾಯಿತು. ಮರುಗಳಿಗೆಯಲ್ಲೇ ಅಳು ಬಂತು. ಒಂದು ರಾತ್ರಿ, ಅರ್ಧ ಹಗಲು ನಾವು ಕಾದ ಉತ್ತರ ಇಷ್ಟೇ ಹೊತ್ತಿನದು. ಸೆಲ್ವರಾಜ್‌ನ ತಾಯಿ ಗೇಟಿನ ಹತ್ತಿರ ಕೂತಿದ್ದದ್ದು ಕಣ್ಣಿಗೆ ಕಟ್ಟಿತು. ಇಯಾನ್ ಟೀ ತಂದುಕೊಟ್ಟ. ಇವರಿಗೆ ಸಾವಿಗೂ ಮಳೆಗೂ ಮದುವೆಗೂ ಟೀಯೇ ಔಷಧಿ. ಕುಡಿದೆ.

ಗಾಜಿನ ಮನೆ

ಇನ್ನು ಬಿಸಿಯ ಪರೀಕ್ಷೆ. ಲ್ಯಾಬಿನಲ್ಲಿ ಒಂದು ಬಿಸಿ ಪೆಟ್ಟಿಗೆ ಇತ್ತು, ಅದು ಒಣ ಬಿಸಿ. ನಮ್ಮ ಗಣಿಯದ್ದು ಬೆವರು ಸುರಿಸುವ ಬಿಸಿ. ಹೊರಗೆ ಹಿಮ ಬೀಳುವ ಊರಲ್ಲಿ ಅಂಥ ಬಿಸಿಯನ್ನು ಎಲ್ಲಿಂದ ತರುವುದು? ಜೀನ್ ಕೇಳಿಸಿಕೊಂಡು, "ಊರಿನ ಸಸ್ಯೋದ್ಯಾನದ ಗಾಜಿನ ಮನೆಗೆ ಹೋಗಿ. ಚಳಿಗಾಲದಲ್ಲಿ ನಾನು ಮಂಡಿ ಕಾಯಿಸಿಕೊಳ್ಳುವುದು ಅಲ್ಲೇ" ಎಂದಳು.

ಒಳಗೆ ಕಾಲಿಟ್ಟೆ. ಕೋಟು ತೆಗೆದೆ, ಸ್ವೆಟರು ತೆಗೆದೆ. ಆ ದೇಶದಲ್ಲಿ ಮೊದಲ ಸಲ ನನ್ನ ಸೀರೆ ಹೊರಗೆ ಕಂಡಿತು. ಬಾಳೆ, ತೆಂಗು, ಶುಂಠಿ ಎಲ್ಲಕ್ಕೂ ಹೆಸರಿನ ಫಲಕ, ಎಲ್ಲಕ್ಕೂ ರಾಜಮರ್ಯಾದೆ. ನೋಡಿಕೊಳ್ಳುವ ಮಾಲಿ ಬಾಳೆಯನ್ನು ತೋರಿಸಿ ಇದು ಇನ್ನೂ ಗೊನೆ ಬಿಟ್ಟಿಲ್ಲ, ಬಹಳ ನಾಜೂಕು ಎಂದ. ನಮ್ಮ ಹಿತ್ತಲಲ್ಲಿ ಪಾತ್ರೆ ತೊಳೆದ ನೀರು ಕುಡಿದು ಗೊನೆ ಬಿಡುತ್ತದೆ ಎಂದೆ. ಅವನು ನಂಬಲಿಲ್ಲ.

ಬೋರ್ಡನ್ನು ಮುಚ್ಚಳದ ಪೆಟ್ಟಿಗೆಯಲ್ಲಿಟ್ಟು, ಮುಚ್ಚಳದ ಅಂಚಿಗೆ ರಬ್ಬರು ಹಾಕಿ, ಬಿಸಿನೀರಿನ ಕೊಳವೆಗಳ ಮೇಲೆ ಕೂರಿಸಿದೆವು. ಪಕ್ಕದಲ್ಲಿ ಕಾರಿನ ಬ್ಯಾಟರಿ. ಆಗಾಗ ಟೇಪು ಕೇಳಿಸುವುದು, ಉತ್ತರ ನೋಡುವುದು. ಇಯಾನ್‌ನ ಕನ್ನಡಕ ಮಂಜಾಯಿತು, ಗಡ್ಡದಿಂದ ನೀರಿಳಿಯಿತು. ನನಗೋ ತವರಿಗೆ ಬಂದ ಹಾಗೆ. ಮಧ್ಯಾಹ್ನದ ಹೊತ್ತಿಗೆ, ಯಾರೂ ಹೇಳಿರಲಿಲ್ಲ, ಮೇಲಿನ ಕೊಳವೆಗಳಿಂದ ಗಿಡಗಳಿಗೆಂದು ಮಳೆಯಂತೆ ನೀರು ಸುರಿಯಿತು. ಎಲ್ಲರೂ ಬಾಗಿಲಿಗೆ ಓಡಿದರು. ಆ ಹೊತ್ತಿನಲ್ಲಿ ಯಾರೂ 'ನೀವು ಮೊದಲು' ಎನ್ನಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ನಾನು ಓಡಲಿಲ್ಲ. ಟೇಪಿನ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪೆಟ್ಟಿಗೆಯ ಪಕ್ಕದಲ್ಲೇ ನಿಂತೆ. ನಮ್ಮ ಗಣಿಯಲ್ಲೂ ನೀರು ಸುರಿಯುತ್ತದೆ, ಇದಕ್ಕೆ ಹೆದರುವುದಾದರೆ ಅದು ನಮಗೆ ಬೇಡ. ನೀರು ನಿಂತ ಮೇಲೆ ಸದ್ದು ಕೇಳಿಸಿದೆವು. ಅದೇ ಲೆವೆಲ್, ಅದೇ ಕವಲು. ಸಂಜೆಯಾದರೂ ಬ್ಯಾಟರಿ ದಣಿದಿರಲಿಲ್ಲ. ಇಯಾನ್ ಒದ್ದೆ ಕೈ ಚಾಚಿದ. "ತೆಗೆದುಕೊಂಡು ಹೋಗಿ" ಎಂದ.

ಹೊರಡುವ ಬೆಳಿಗ್ಗೆ ಜೀನ್ ಆ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಅವಳ ಗಂಡ ಒಂದು ದಿನ ಗಣಿಯಿಂದ ಮೇಲೆ ಬರಲೇ ಇಲ್ಲ ಎಂಬುದನ್ನು ಅವಳು ಮೊದಲ ಸಲ ಹೇಳಿದ್ದು ಆಗ. ಹೇಳಿ, ನನ್ನ ಕೋಟಿನ ಗುಂಡಿ ಹಾಕಿದಳು.

ಉರಿಗಾಂ

ಊರಿಗೆ ಬಂದರೆ ಒಂದು ತೊಡಕು. ನಮ್ಮ ಕಾನೂನು ಹೆಂಗಸರನ್ನು ಗಣಿಯೊಳಗೆ ಇಳಿಯಲು ಬಿಡುವುದಿಲ್ಲ. ಅಷ್ಟು ದೂರದಿಂದ ಹೊತ್ತು ತಂದ ಬೋರ್ಡನ್ನು ಕೂರಿಸಲು ನಾನು ಹೋಗುವಂತಿಲ್ಲ. ನಮ್ಮ ಕೊಟ್ಟಿಗೆಯಲ್ಲಿ, ಹಸುಗಳ ಎದುರಿಗೆ, ನಾಣಿಗೆ ಎಲ್ಲ ಕಲಿಸಿದೆ. ಅವನು ಕಲಿತ, ಆದರೆ ನೆಚ್ಚಿಕೆ ಬಂದಿಲ್ಲವೆಂದು ಮುಖವೇ ಹೇಳುತ್ತಿತ್ತು. ಒಮ್ಮೆ ತಪ್ಪು ಲೆವೆಲ್‌ನಲ್ಲಿ ಅಗೆದ ಸದ್ದನ್ನು ತಲೆಯ ಮೇಲಿಂದ ಕೇಳಿದವನಿಗೆ ನಾನು ಏನು ಹೇಳಲಿ?

ಬೋರ್ಡ್ ಇಳಿಯಿತು. ಲೆಕ್ಕವೆಲ್ಲ ಕೆಳಗೇ ನಡೆದು ಉತ್ತರ ಮಾತ್ರ ಒಂದು ತಂತಿಯಲ್ಲಿ ನಮ್ಮ ಕೋಣೆಗೆ ಬರುವ ಏರ್ಪಾಡು. ಪರೀಕ್ಷೆಗೆಂದು ನಾಣಿ ಗೊತ್ತಾದ ಜಾಗದಲ್ಲಿ, ಮುಚ್ಚಿದ ಭಾಗಕ್ಕೆ ಕೊರೆದ ಹೊಸ ಕವಲಿನ ಬಾಯಲ್ಲಿ, ಬಂಡೆಗೆ ದೊಡ್ಡ ಸುತ್ತಿಗೆಯಿಂದ ಹೊಡೆಯಬೇಕು. ಸಾಹೇಬರು ನನ್ನ ಹಿಂದೆ ನಿಂತಿದ್ದರು. ಪರದೆಯ ಮೇಲೆ ಜಾಗ ಮೂಡಿತು. ಹೊಸ ಕವಲಲ್ಲ. ಒಂದು ಲೆವೆಲ್ ಕೆಳಗೆ, ಪಂಪ್ ಮನೆಯ ಪಕ್ಕ.

"ತಪ್ಪಿತಲ್ಲ ರತ್ನಮ್ಮ" ಎಂದರು ಸಾಹೇಬರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಮತ್ತೆ ಒಂದು ಲೆವೆಲ್. ಆದರೆ ಈ ಬೋರ್ಡನ್ನು ಬಿಸಿಯಲ್ಲಿ, ನೀರಿನಲ್ಲಿ ನೋಡಿದವಳು ನಾನು. ಎಷ್ಟು ಸಲ ಕೇಳಿದರೂ ಒಂದೇ ಜಾಗ ಹೇಳಿದ್ದು ಅದು. ತಪ್ಪಿದ್ದು ಬೋರ್ಡಲ್ಲ, ಹೇಳಿದ ಜಾಗ ತಪ್ಪಿಸಿದವನು ನಾಣಿ.

"ಇಲ್ಲ ಸಾರ್, ಸರಿಯಾಗೇ ಹೇಳ್ತಿದೆ" ಎಂದು, ಹೊಸ ಕವಲಿನ ಟೆಲಿಫೋನನ್ನು ಬಿಟ್ಟು ಪಂಪ್ ಮನೆಯದಕ್ಕೆ ಕರೆ ಹಾಕಿದೆ. ಗಂಟೆ ಬಡಿಯಿತು, ಬಡಿಯಿತು. ಯಾರೋ ಎತ್ತಿದರು. ಉಸಿರು ಮಾತ್ರ ಕೇಳುತ್ತಿತ್ತು.

"ಲೋ ನಾಣಿ, ಅಲ್ಲೇನ್ಲಾ ಮಾಡ್ತಿದ್ದೀಯಾ?"

"ಏಳಿದ್ ಜಾಗದಾಗೆ ಒಡದ್ರೆ ನಂಗೆಂಗೆ ನಂಬ್ಕೆ ಬತ್ತದೆ ಕಣಕ್ಕಾ? ಅದ್ಕೇ ಯಾರ್ಗೂ ಏಳ್ದಂಗೆ ಕೆಳಕ್ಕೆ ಬಂದೆ" ಎಂದ. ಆಮೇಲೆ ಫೋನಿನಿಂದ ಬಾಯಿ ತಿರುಗಿಸಿ ಜೊತೆಯವರಿಗೆ ತಮಿಳಿನಲ್ಲಿ ಕೂಗಿದ್ದು ಕೇಳಿತು: "ಅಕ್ಕಾ ಕಂಡುಪುಡಿಚ್ಚುಟ್ಟಾಂಗ ಡಾ!" ಅಕ್ಕ ಕಂಡುಹಿಡಿದುಬಿಟ್ಟಳು ಕಣ್ರೋ ಎಂದು. ಹಿಂದೆ ಹತ್ತು ಗಂಟಲು ಒಟ್ಟಿಗೆ ಕೇಕೆ ಹಾಕಿದವು. ನಾನು ಕಣ್ಣೊರೆಸಿಕೊಂಡೆ. ಸಾಹೇಬರು ಕನ್ನಡಕ ತೆಗೆದು ಒರೆಸುತ್ತಿದ್ದರು.

"ಅಕ್ಕಾ, ಇದ್ಯಾ?" ಎಂದ ನಾಣಿ.

"ಇದ್ದೀನಿ ಕಣ್ಲಾ."

"ಸರಿ ಅಂಗಾದ್ರೆ. ನಾವು ಕವಲೊಳಕ್ಕೋಗ್ತೀವಿ."